ಕಾಮಿಕ್ಸ್‌ನಲ್ಲಿ ಸೂಪರ್‌ಹೀರೊ ಮೇಲೆ ಊರಿನ ಗುಮಾನಿ: ಬರೆಯುವುದು ಹೇಗೆ?

ಹೊಸದಾಗಿ ಸೂಪರ್‌ಹೀರೊ ಕಾಮಿಕ್ಸ್ ಬರೆಯುವವರ ಸ್ಕ್ರಿಪ್ಟ್‌ಗಳಲ್ಲಿ ಒಂದು ಗುಂಪು ತಪ್ಪದೆ ಬರುತ್ತದೆ. ಕಟ್ಟಡ ಉರುಳಿದೆ, ಧೂಳು ಇನ್ನೂ ಇಳಿದಿಲ್ಲ. ಗುಂಪಿನಲ್ಲೊಬ್ಬ ಮುಷ್ಟಿ ಎತ್ತಿ "ಎಲ್ಲ ಇವನಿಂದಲೇ ಆಗಿದ್ದು!" ಎಂದು ಕೂಗುತ್ತಾನೆ, ಹಿಂದಿದ್ದವರು "ಹೌದು, ಹೌದು" ಅನ್ನುತ್ತಾರೆ. ಜನರಿಗೆ ಹೀರೊ ಮೇಲೆ ನಂಬಿಕೆಯಿಲ್ಲ ಎಂದು ತೋರಿಸುವ ಶಾಸ್ತ್ರ ಅಲ್ಲಿಗೆ ಮುಗಿಯಿತು. ಓದುಗ ಪುಟ ತಿರುಗಿಸುತ್ತಾನೆ, ಮನಸ್ಸಿಗೆ ಏನೂ ತಾಗಿರುವುದಿಲ್ಲ. ಮುಷ್ಟಿ ಎತ್ತಿದವನು ಎಲ್ಲಿ ನಿಂತಿದ್ದ, ಏನು ನೋಡಿದ, ಈ ಗಲಾಟೆಯಲ್ಲಿ ಅವನದೇನು ಹೋಯಿತು ಎಂಬುದು ಬರೆದವರಿಗೇ ಗೊತ್ತಿಲ್ಲದಿದ್ದರೆ ಹೀಗೇ ಆಗುವುದು.

ಓದುಗ ಹೀರೊನ ಹೆಗಲ ಮೇಲೆ ಕೂತು ಕಥೆ ನೋಡುತ್ತಾನೆ. ಹೀರೊ ಮನಸ್ಸಿನಲ್ಲಿ ಅಂದುಕೊಂಡಿದ್ದೂ ಅವನಿಗೆ ಗುಳ್ಳೆಯೊಳಗೆ ಓದಲು ಸಿಗುತ್ತದೆ. ರಸ್ತೆಯಲ್ಲಿ ನಿಂತವರಿಗೆ ಆ ಗುಳ್ಳೆ ಕಾಣುವುದಿಲ್ಲ. ಅವರು ನೋಡಿದ್ದು ಐದಾರು ಸೆಕೆಂಡು, ಅದೂ ಓಡುತ್ತಾ, ಅರ್ಧ ತಿರುಗಿ. ಈ ಎರಡು ನೋಟಗಳ ನಡುವೆ ಎಷ್ಟು ಅಂತರ ಇದೆಯೋ ಗುಮಾನಿ ಅಷ್ಟರಲ್ಲೇ ಬೆಳೆಯುತ್ತದೆ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಆ ಅಂತರವನ್ನು ಕಾಗದದ ಮೇಲೆ ಇಳಿಸುವುದರಿಂದ.

ಮೊದಲು ಎರಡು ಕಾಲಂ

ಸ್ಕ್ರಿಪ್ಟ್ ಮುಟ್ಟುವ ಮೊದಲು ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಓದುಗ ಕಂಡದ್ದು, ಬಲಕ್ಕೆ ಊರು ಕಂಡದ್ದು. ಒಂದು ಘಟನೆ ತೆಗೆದುಕೊಂಡು ನೋಡೋಣ: ಸೇತುವೆಯ ಮೇಲೆ ಹೋಗುತ್ತಿರುವ ಲಾರಿಯಲ್ಲಿ ಬಾಂಬ್ ಇದೆ, ಹೀರೊ ಅದನ್ನು ನದಿಗೆ ಎಸೆಯುತ್ತಾನೆ.

ಎಡ ಕಾಲಂನಲ್ಲಿ ಇಷ್ಟು ಬರುತ್ತದೆ: ಟೈಮರ್‌ನಲ್ಲಿ ಉಳಿದದ್ದು 40 ಸೆಕೆಂಡು. ಹೀರೊ ಬಾಗಿಲು ತಟ್ಟಿದ, ಚಾಲಕನಿಗೆ ಕೇಳಲಿಲ್ಲ. ಕೆಳಗೆ ದೋಣಿ ಇಲ್ಲವೆಂದು ಖಚಿತ ಮಾಡಿಕೊಂಡ. ಚಾಲಕನನ್ನು ಹೊರಗೆಳೆದ, ಲಾರಿ ಎತ್ತಿ ಎಸೆದ. ನೀರು ಹೊಕ್ಕು ಟೈಮರ್ ಕೆಟ್ಟಿತು, ಬಾಂಬ್ ಸಿಡಿಯಲಿಲ್ಲ.

ಬಲ ಕಾಲಂ: ಮುಖವಾಡದವನೊಬ್ಬ ಓಡುತ್ತಿದ್ದ ಲಾರಿಯ ಮೇಲೆ ಹಾರಿದ. ಚಾಲಕನ ಕಾಲರ್ ಹಿಡಿದು ರಸ್ತೆಗೆ ಒಗೆದ, ಅವನ ಬಲಗೈ ಮುರಿಯಿತು. ಲಾರಿಯನ್ನು ನದಿಗೆ ಹಾಕಿದ. ಒಂದು ಮಾತೂ ಆಡದೆ ಹಾರಿಹೋದ.

ಬಲ ಕಾಲಂನಲ್ಲಿ 'ಬಾಂಬ್' ಎಂಬ ಪದವೇ ಇಲ್ಲ ನೋಡಿ. ಬಾಂಬ್ ಸಿಡಿದಿದ್ದರೆ ಅದೇ ಸಾಕ್ಷಿಯಾಗುತ್ತಿತ್ತು. ತಪ್ಪಿಹೋದ ಅನಾಹುತಕ್ಕೆ ಸಾಕ್ಷಿ ಇರುವುದಿಲ್ಲ. ತಪ್ಪಿಸುವಾಗ ಆದ ನಷ್ಟ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಹೀರೊ ಎಷ್ಟು ಚೊಕ್ಕವಾಗಿ ಕೆಲಸ ಮುಗಿಸಿದನೋ ಅವನ ಮೇಲಿನ ಆರೋಪವೂ ಅಷ್ಟೇ ಗಟ್ಟಿ. ಹಾಗಾಗಿ ಬಾಂಬ್ ಸಿಡಿಸಬೇಡಿ. ಕಲಾವಿದರು ಸ್ಫೋಟದ ಚಿತ್ರ ಬರೆಯಲು ಕಾತರರಾಗಿರುತ್ತಾರೆ, ಆದರೂ ಬೇಡ.

ಬಲ ಕಾಲಂನಲ್ಲಿ ಪ್ರತಿ ಸಾಲಿನ ಮುಂದೆ ಅದನ್ನು ಕಂಡವರು ಯಾರು ಎಂದು ಬರೆಯಿರಿ. ಚಾಲಕ, ಹಿಂದಿನ ಕಾರಿನಲ್ಲಿದ್ದ ದಂಪತಿ, ದಡದಲ್ಲಿ ಗಾಳ ಹಾಕಿ ಕೂತಿದ್ದ ಮುದುಕ. ಹೆಸರಿಲ್ಲದ ಸಾಲು ಉಳಿದರೆ ಹೊಡೆದುಹಾಕಿ. ಯಾರೂ ಕಾಣದ ಸಂಗತಿಯನ್ನು ಗುಂಪಿನ ಬಾಯಲ್ಲಿ ಹೇಳಿಸುವುದು ಈ ಬಗೆಯ ಕಥೆಗಳ ಹಳೇ ಚಾಳಿ.

ಯಾವ ಬಗೆಯ ಗುಮಾನಿ?

ಎಲ್ಲ ಹೀರೊಗಳನ್ನೂ ಒಂದೇ ಕಾರಣಕ್ಕೆ ಜನ ಸಂಶಯಿಸುವುದಿಲ್ಲ. ನಿಮ್ಮ ಕಥೆಗೆ ಒಂದು ಮುಖ್ಯ ಕಾರಣ ಆರಿಸಿಕೊಳ್ಳಿ. ಎರಡನೆಯದು ಬೇಕಿದ್ದರೆ ನೆರಳಿನಂತಿರಲಿ. ಮೂರನೆಯದನ್ನು ಸೇರಿಸಿದರೆ ಕಲಸುಮೇಲೋಗರ.

ಮುಖ ಕಾಣದಿರುವುದು ಒಂದು ಕಾರಣ. ಬ್ಯಾಟ್‌ಮ್ಯಾನ್‌ನ ಬಾಯಿ, ಗದ್ದ ಕಾಣುತ್ತದೆ. ಸೂಪರ್‌ಮ್ಯಾನ್‌ಗೆ ಮುಖವಾಡವೇ ಇಲ್ಲ, ಅದರಿಂದಲೇ ಅವನಿಗೆ ಇನ್ನೊಂದು ಹೆಸರಿರಬಹುದು ಎಂದು ಜನರಿಗೆ ಹೊಳೆಯುವುದಿಲ್ಲ. 1962ರ ಆಗಸ್ಟ್ ಸಂಚಿಕೆಯಲ್ಲಿ ಬಂದ ಸ್ಪೈಡರ್‌ಮ್ಯಾನ್‌ಗೆ ಕಲಾವಿದ ಸ್ಟೀವ್ ಡಿಟ್ಕೊ ಇಡೀ ತಲೆ ಮುಚ್ಚುವ ಮುಖವಾಡ ಕೊಟ್ಟರು. ಹುಬ್ಬಿಲ್ಲ, ತುಟಿಯಿಲ್ಲ, ಕಣ್ಣಿನ ಜಾಗದಲ್ಲಿ ಬಿಳಿ ಗಾಜು. ಅವನು ನಗುತ್ತಿದ್ದಾನೋ ಹಲ್ಲು ಕಡಿಯುತ್ತಿದ್ದಾನೋ ಎದುರಿಗಿದ್ದವನಿಗೆ ತಿಳಿಯುವುದಿಲ್ಲ, ಮೇಲಾಗಿ ಗೋಡೆಯ ಮೇಲೆ ಹರಿದಾಡುತ್ತಾನೆ. ಊರಿಗೆ ಹೆದರಿಕೆ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಡ. ವೇಷ ಬರೆಸುವಾಗ ಕಲಾವಿದರೊಂದಿಗೆ ಇದನ್ನು ಮೊದಲೇ ಮಾತಾಡಿ. ಮುಖದ ಎಷ್ಟು ಭಾಗ ಕಾಣಿಸಬೇಕು ಎಂಬುದು ಕಥೆಯ ತೀರ್ಮಾನ, ಬರೀ ಅಲಂಕಾರ ಅಂದುಕೊಂಡು ಬಿಟ್ಟುಬಿಡಬೇಡಿ.

ಹುಟ್ಟು ಇನ್ನೊಂದು ಕಾರಣ. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ 'ಮ್ಯೂಟಂಟ್'ಗಳ ಕಥೆ ಎಕ್ಸ್‌-ಮೆನ್ 1963ರಲ್ಲಿ ಶುರುವಾಯಿತು. ಒಂದೇ ಪ್ರಪಂಚದಲ್ಲಿ ಫೆಂಟಾಸ್ಟಿಕ್ ಫೋರ್ ಅಂದರೆ ಜನ ಕೈ ಬೀಸುತ್ತಾರೆ, ಮ್ಯೂಟಂಟ್ ಅಂದರೆ ಕಲ್ಲೆತ್ತುತ್ತಾರೆ, ಇದ್ಯಾವ ನ್ಯಾಯ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತದೆ. ಉತ್ತರ ಕಷ್ಟದ್ದಲ್ಲ. ಫೆಂಟಾಸ್ಟಿಕ್ ಫೋರ್‌ನ ನಾಲ್ವರಿಗೂ ಮುಖವಾಡವಿಲ್ಲ, ಹೆಸರು ಊರಿಗೆಲ್ಲ ಗೊತ್ತು, ಮನೆ ಯಾವ ಕಟ್ಟಡದಲ್ಲಿ ಅಂತಲೂ ಗೊತ್ತು. ಶಕ್ತಿ ಬಂದದ್ದು ಒಂದು ಅಪಘಾತದಿಂದ, ಅದು ನಾಲ್ವರಿಗೇ ನಿಂತಿತು. 1962ರ ಒಂದು ಸಂಚಿಕೆಯಲ್ಲಿ ಅವರು ದಿವಾಳಿಯೂ ಎದ್ದಿದ್ದಾರೆ; ಸಾಲ ಮಾಡಿಕೊಂಡವರನ್ನು ಕಂಡು ಯಾರೂ ಹೆದರುವುದಿಲ್ಲ. ಮ್ಯೂಟಂಟ್ ಶಕ್ತಿ ಸಾಮಾನ್ಯವಾಗಿ ಹರೆಯದಲ್ಲಿ ತಲೆಯೆತ್ತುತ್ತದೆ, ಯಾವ ಮನೆಯ ಮಗುವಿಗಾದರೂ ಬರಬಹುದು. ಆ ಗುಮಾನಿ ಬೀದಿಯಲ್ಲಿ ನಿಲ್ಲದೆ ಅಡುಗೆಮನೆಯವರೆಗೂ ಬರುತ್ತದೆ. ನಿಮ್ಮದು ಈ ಬಗೆಯ ಕಥೆಯಾಗಿದ್ದರೆ ಗುಂಪಿನ ಚಿತ್ರಗಳನ್ನು ಕಡಿಮೆ ಮಾಡಿ. ಮಗಳ ಕೋಣೆಯ ಬಾಗಿಲ ಹೊರಗೆ ಕಿವಿಗೊಟ್ಟು ನಿಂತ ಅಪ್ಪನ ಒಂದು ಚೌಕಟ್ಟು ನೂರು ಜನರ ಮೆರವಣಿಗೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯದು ನಷ್ಟ. 2006ರಲ್ಲಿ ಶುರುವಾದ ಏಳು ಸಂಚಿಕೆಗಳ 'ಸಿವಿಲ್ ವಾರ್' ಇಲ್ಲಿ ಒಳ್ಳೆ ಪಾಠ. ಟಿವಿ ರಿಯಾಲಿಟಿ ಶೋ ಚಿತ್ರೀಕರಣದಲ್ಲಿದ್ದ ನ್ಯೂ ವಾರಿಯರ್ಸ್ ಎಂಬ ಎಳೆಯರ ತಂಡ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಖಳರ ಮನೆಗೆ ನುಗ್ಗುತ್ತದೆ. ನೈಟ್ರೊ ಎಂಬ ಖಳ ಶಾಲೆಯೊಂದರ ಬಳಿ ಸ್ಫೋಟಿಸುತ್ತಾನೆ, ಮಕ್ಕಳೂ ಸೇರಿ 600ಕ್ಕೂ ಹೆಚ್ಚು ಜನ ಸಾಯುತ್ತಾರೆ. ಸ್ಫೋಟಿಸಿದ್ದು ಖಳ, ಸಿಟ್ಟು ತಿರುಗಿದ್ದು ಹೀರೊಗಳ ಮೇಲೆ. ಇದು ಅನ್ಯಾಯ ಅನ್ನಿಸದಿರಲು ಒಂದೇ ಕಾರಣ ಆ ಕ್ಯಾಮೆರಾ. ಟಿಆರ್‌ಪಿಗೆ ಬೇಕಾಗಿ ಹೋದರು ಎಂಬ ಒಂದೇ ವಿವರ ಸತ್ತವರ ತಾಯಂದಿರ ಕೈಗೆ ನಿಜವಾದ ಪ್ರಶ್ನೆಯೊಂದನ್ನು ಕೊಡುತ್ತದೆ. ನಿಮ್ಮ ಹೀರೊನ ನಡೆಯಲ್ಲೂ ಅಂಥದೊಂದು ಸಣ್ಣ, ನಿಜವಾದ ತಪ್ಪು ಇರಲಿ. ಲಾರಿಯ ಉದಾಹರಣೆಯಲ್ಲಿ ಅದು ಚಾಲಕನ ಕೈ. ಹೀರೊ ಇನ್ನೂ ಎರಡು ಸೆಕೆಂಡು ಕೊಟ್ಟು ನಿಧಾನಕ್ಕೆ ಇಳಿಸಬಹುದಿತ್ತು.

ಕೊನೆಯದು, ಕೇಳುವವರಿಲ್ಲದ ಅಧಿಕಾರ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ ಎಂಬ ಭಯ. 1986ರಿಂದ 12 ಸಂಚಿಕೆಗಳಲ್ಲಿ ಬಂದ 'ವಾಚ್‌ಮೆನ್'ನಲ್ಲಿ ಪೊಲೀಸರು ಮುಷ್ಕರ ಹೂಡುತ್ತಾರೆ, ಬೀದಿಗೆ ಗಲಭೆ ಬರುತ್ತದೆ, 1977ರಲ್ಲಿ ಕೀನ್ ಕಾಯ್ದೆ ಜಾರಿಯಾಗಿ ವೇಷಧಾರಿಗಳಿಗೆ ನಿಷೇಧ ಬೀಳುತ್ತದೆ. ಸರ್ಕಾರಕ್ಕೆ ದುಡಿಯುವವರಿಗೆ ಮಾತ್ರ ವಿನಾಯಿತಿ. ಕಲಿಯಬೇಕಾದ ಕುಸುರಿ ಆ ಕಥೆಯ ಗೋಡೆಗಳಲ್ಲಿದೆ. ಕಾವಲುಗಾರರನ್ನು ಕಾಯುವವರು ಯಾರು ಎಂಬ ಗೋಡೆಬರಹ ಹಲವು ಸಲ ಬರುತ್ತದೆ, ಆದರೆ ಯಾವ ಚೌಕಟ್ಟಿನಲ್ಲೂ ಪೂರ್ತಿಯಾಗಿ ಕಾಣುವುದಿಲ್ಲ. ಯಾರೋ ಅಡ್ಡ ನಿಂತಿರುತ್ತಾರೆ, ಇಲ್ಲವೇ ಚೌಕಟ್ಟಿನ ಅಂಚು ಕತ್ತರಿಸಿರುತ್ತದೆ. ಉಳಿದ ಪದಗಳನ್ನು ಓದುಗನೇ ತುಂಬಿಕೊಳ್ಳುತ್ತಾನೆ, ಅಂದರೆ ಆ ಪ್ರಶ್ನೆ ಕೇಳುವವನು ಅವನೇ ಆಗುತ್ತಾನೆ.

ಇದೆಲ್ಲ ಎಂಬತ್ತರ ದಶಕದ ಸಿನಿಕತನ ಎಂದು ತಿಳಿಯಬೇಡಿ. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ನನ್ನು ಪೊಲೀಸರು ಶುರುವಿನಲ್ಲಿ ಬೆನ್ನಟ್ಟುತ್ತಿದ್ದರು. ಅವನನ್ನು ಪೊಲೀಸ್ ಇಲಾಖೆಯ ಗೌರವ ಸದಸ್ಯನನ್ನಾಗಿ ಮಾಡಿಕೊಂಡದ್ದು 1941ರಲ್ಲಿ. ಗುಮಾನಿಯೇ ಮೊದಲು ಬಂದದ್ದು, ಜೈಕಾರ ಆಮೇಲಿನದು.

ಸುದ್ದಿ ಹೇಗೆ ಹರಡುತ್ತದೆ

ಒಂದೇ ಘಟನೆ ಮೂರು ವೇಗದಲ್ಲಿ ಊರು ಸುತ್ತುತ್ತದೆ. ಕಣ್ಣಾರೆ ಕಂಡವರ ಮಾತು ಅದೇ ಪುಟದಲ್ಲಿ ಬರಬೇಕು. ಪತ್ರಿಕೆ, ಟಿವಿ ಎರಡು ಮೂರು ಪುಟಗಳ ನಂತರ. ಕಾಯ್ದೆ, ವಿಚಾರಣೆ ಮುಂದಿನ ಸಂಚಿಕೆಗೆ. ಮೂರನ್ನೂ ಒಂದೇ ಸಂಚಿಕೆಯಲ್ಲಿ ತುರುಕಿದರೆ ಸೇತುವೆ ಘಟನೆ ನಡೆದ ಸಂಜೆಯೇ ಸಂಸತ್ತು ಮಸೂದೆ ಪಾಸು ಮಾಡಿದಂತೆ ಕಾಣುತ್ತದೆ.

ಪತ್ರಿಕೆಯ ವಿಚಾರಕ್ಕೆ ಬಂದರೆ ಸ್ಪೈಡರ್‌ಮ್ಯಾನ್ ಕಥೆಗಳಲ್ಲಿ ಬರುವ ಡೈಲಿ ಬ್ಯೂಗಲ್ ಪತ್ರಿಕೆಯ ಮುಖ್ಯಸ್ಥ ಜೆ. ಜೋನಾ ಜೇಮ್ಸನ್‌ನನ್ನು ಬಿಟ್ಟು ಮಾತಾಡುವಂತಿಲ್ಲ. ಅವನು ಮೊದಲು ಕಾಣಿಸಿದ್ದು 1963ರ ಮಾರ್ಚ್ ಸಂಚಿಕೆಯಲ್ಲಿ. ಅದೇ ಕಥೆಯಲ್ಲಿ ಸ್ಪೈಡರ್‌ಮ್ಯಾನ್ ಅವನ ಗಗನಯಾತ್ರಿ ಮಗನನ್ನು ಉಳಿಸುತ್ತಾನೆ. ಆದರೂ ಪತ್ರಿಕೆ ಸ್ಪೈಡರ್‌ಮ್ಯಾನ್ ವಿರುದ್ಧವೇ ಬರೆಯುತ್ತದೆ, ಆ ಅವಘಡವೇ ಅವನ ಕಿತಾಪತಿ ಎಂಬಂತೆ. ಜೇಮ್ಸನ್‌ನನ್ನು ಅನುಕರಿಸಲು ಹೊರಟವರು ಅವನ ಕೂಗಾಟವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅವನೊಳಗೆ ಮೂರು ಪದರ ಇದೆ. ಮುಖವಾಡ ಹಾಕಿದವನು ಕಾನೂನನ್ನು ಕೈಗೆ ತೆಗೆದುಕೊಳ್ಳಬಾರದು ಎಂಬ ವಾದ ಮೊದಲನೆಯದು, ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಎರಡನೆಯದು ಪತ್ರಿಕೆಯ ಮಾರಾಟ. ಮೂರನೆಯದು ಹೊಟ್ಟೆಕಿಚ್ಚು, 1964ರ ಹತ್ತನೇ ಸಂಚಿಕೆಯಲ್ಲಿ ಒಬ್ಬನೇ ಇದ್ದಾಗ ಅವನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಹೊರಗೆ ಹೇಳುವ ಕಾರಣ, ಲಾಭದ ಕಾರಣ, ಒಳಗೆ ಬಚ್ಚಿಟ್ಟ ಕಾರಣ. ನಿಮ್ಮ ಸಂಪಾದಕನಿಗೂ ಮೂರೂ ಇರಲಿ, ಮೂರನೆಯದು ಓದುಗನಿಗೆ ತಡವಾಗಿ ಸಿಗಲಿ.

ತಲೆಬರಹ ಬರೆಯುವಾಗ ಸುಳ್ಳು ಬರೆಸಬೇಡಿ. "ಸೇತುವೆಯಲ್ಲಿ ದಾಳಿ: ಚಾಲಕನಿಗೆ ಗಾಯ" ಎಂಬುದರಲ್ಲಿ 'ದಾಳಿ' ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ನಿಜ. ಆ ಒಂದು ಪದವೇ ಇಡೀ ಊರನ್ನು ತಿರುಗಿಸುತ್ತದೆ. ಪತ್ರಿಕೆಯ ಚಿತ್ರಕ್ಕೆ ನಾಲ್ಕೈದು ಪದಗಳಿಗಿಂತ ಉದ್ದದ ತಲೆಬರಹ ಹಾಕಿದರೆ ಅಚ್ಚಿನಲ್ಲಿ ಓದಲಾಗುವುದಿಲ್ಲ, ಮಡಚಿದ ಪತ್ರಿಕೆಯಾದರಂತೂ ಎರಡೇ ಪದ.

ವಿಚಾರಣೆಯ ದೃಶ್ಯಕ್ಕೆ ಒಂದು ಹಳೆಯ ಮಾದರಿ ಇದೆ. ಜಸ್ಟಿಸ್ ಸೊಸೈಟಿ ಎಂಬ ಸೂಪರ್‌ಹೀರೊ ತಂಡದ ಕಥೆಗಳು 1951ರಲ್ಲಿ ನಿಂತುಹೋಗಿದ್ದವು. ಯಾಕೆ ನಿಂತವು ಎಂಬುದಕ್ಕೆ 1979ರ ಒಂದು ಕಥೆ ಕಾರಣ ಕೊಟ್ಟಿತು: ಅಮೆರಿಕದ ಸಂಸತ್ತಿನ ಸಮಿತಿಯೊಂದು ಅವರನ್ನು ಕರೆಸಿ ಮುಖವಾಡ ತೆಗೆಯಿರಿ ಅಂದಿತು, ಅವರು ತೆಗೆಯದೆ ಕಣ್ಮರೆಯಾದರು. ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಜನರನ್ನು ಕರೆಸಿ ವಿಚಾರಿಸಿದ ಐವತ್ತರ ದಶಕದ ನಿಜವಾದ ಸಮಿತಿಗಳ ನೆನಪು ಓದುಗರಿಗಿದ್ದದ್ದರಿಂದ ಆ ದೃಶ್ಯಕ್ಕೆ ಹೆಚ್ಚು ಮಾತೇ ಬೇಕಾಗಲಿಲ್ಲ.

ಪುಟದ ಮೇಲೆ

ಅಮೆರಿಕದ ಮಾಸಿಕ ಕಾಮಿಕ್ಸ್‌ನಲ್ಲಿ ಕಥೆಗೆ ಸಿಗುವುದು 20ರಿಂದ 22 ಪುಟ. ಅಷ್ಟು ಜಾಗ ನಿಮಗಿದ್ದರೆ ಊರಿನ ಪಾಲಿಗೆ ಮೂರು, ಹೆಚ್ಚೆಂದರೆ ನಾಲ್ಕು ಪುಟ ಇಡಿ. ಅವನ್ನು ಒಟ್ಟಿಗೆ ಹಾಕದೆ ಹರಡಿ. ಗುಂಪಿನ ಒಂದು ಚೌಕಟ್ಟಿನಲ್ಲಿ ಮಾತಿನ ಗುಳ್ಳೆ ಮೂರು ಮೀರಬಾರದು. ಆ ಮೂರರಲ್ಲಿ ಒಬ್ಬನಿಗೆ ಹೀರೊನಿಂದ ಉಪಕಾರವಾಗಿರಲಿ, ಒಬ್ಬನಿಗೆ ನಷ್ಟವಾಗಿರಲಿ, ಮೂರನೆಯವನು ಏನನ್ನೂ ನೋಡಿರಬಾರದು. ಎಲ್ಲರಿಗಿಂತ ಹೆಚ್ಚು ಮಾತಾಡುವವನು ಆ ಮೂರನೆಯವನೇ.

ಇಂಗ್ಲಿಷ್ ಅಕ್ಷರ ಜೋಡಣೆಯಲ್ಲಿ ಗುಳ್ಳೆಗೆ 25 ಪದ ಎಂಬ ಲೆಕ್ಕ ಬಳಕೆಯಲ್ಲಿದೆ. ಕನ್ನಡಕ್ಕೆ ಅದನ್ನು ಹಾಗೇ ತಂದರೆ ಗುಳ್ಳೆ ಚಿತ್ರವನ್ನೇ ನುಂಗುತ್ತದೆ. ನಮ್ಮ ಪದಗಳು ವಿಭಕ್ತಿ ಸೇರಿ ಉದ್ದವಾಗುತ್ತವೆ, ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. 12ರಿಂದ 15 ಪದ, ನಾಲ್ಕು ಸಾಲು, ಅಷ್ಟಕ್ಕೆ ನಿಲ್ಲಿಸಿ. ಕೂಗನ್ನು ತೋರಿಸಲು ನಮಗೆ ದೊಡ್ಡಕ್ಷರ ಇಲ್ಲ. ಅಕ್ಷರದ ಗಾತ್ರ, ದಪ್ಪ, ಗುಳ್ಳೆಯ ಅಂಚು ಇವುಗಳಲ್ಲೇ ತೋರಿಸಬೇಕು. ಎಲ್ಲರೂ ಕೂಗಿದರೆ ಯಾರೂ ಕೂಗಿದಂತಲ್ಲ. ಪುಟಕ್ಕೊಂದು ಕೂಗು ಸಾಕು.

ಲಾರಿ ಕಥೆಯ ಒಂಬತ್ತನೇ ಪುಟ ಹೀಗಿರಬಹುದು. ಆರು ಚೌಕಟ್ಟು, ಹೀರೊ ಎಲ್ಲೂ ಇಲ್ಲ.

1. ಆಸ್ಪತ್ರೆಯ ಮಂಚ. ಚಾಲಕನ ಬಲಗೈಗೆ ಪ್ಲಾಸ್ಟರ್. ಎಡಗೈಯಲ್ಲಿ ಪೆನ್ನು ಹಿಡಿದು ಪೊಲೀಸ್ ಹೇಳಿಕೆಗೆ ಸಹಿ ಹಾಕಲು ಒದ್ದಾಡುತ್ತಿದ್ದಾನೆ. ಮಾತಿಲ್ಲ.

2. ಪೊಲೀಸ್: "ಅವನು ಏನಾದರೂ ಹೇಳಿದನೇ?" ಚಾಲಕ: "ಇಲ್ಲ ಸಾರ್. ಕಾಲರ್ ಹಿಡಿದ, ಅಷ್ಟೇ."

3. ಲಾರಿ ಮಾಲೀಕ, ವಿಮೆ ಕಚೇರಿಯ ಮೇಜು. ಗುಮಾಸ್ತ: "ನದಿಗೆ ಬಿದ್ದಿದ್ದರೆ ಕೊಡಬಹುದಿತ್ತು. ಎಸೆದದ್ದಕ್ಕೆ ಇದರಲ್ಲಿ ಕಾಲಂ ಇಲ್ಲ."

4. ನದಿ ದಡ. ಗಾಳದ ಮುದುಕ ವರದಿಗಾರ್ತಿಗೆ: "ಎಸೆಯುವ ಮೊದಲು ಕೆಳಗೆ ನೋಡಿದನಮ್ಮ. ನನ್ನನ್ನೇ ನೋಡಿದ ಹಾಗಾಯಿತು."

5. ವರದಿಗಾರ್ತಿಯ ನೋಟ್‌ಪುಸ್ತಕ ಹತ್ತಿರದಿಂದ. ಮುದುಕನ ಮಾತಿನ ಮೇಲೆ ಗೆರೆ ಹೊಡೆದಿದೆ.

6. ನೀರಿನಡಿ. ಮುಳುಗುಗಾರರ ದೀಪದ ಬೆಳಕಿನಲ್ಲಿ ಲಾರಿಯ ಹಿಂಬಾಗಿಲು. ಒಳಗಿನ ಪೆಟ್ಟಿಗೆಯ ಒಂದು ಮೂಲೆ ಮಾತ್ರ ಕಾಣುತ್ತದೆ.

ಹೀರೊ ಪರವಾದ ಒಂದೇ ಸಾಕ್ಷಿ ನಾಲ್ಕನೇ ಚೌಕಟ್ಟಿನಲ್ಲಿ ಬಂತು, ಐದರಲ್ಲಿ ಹೋಯಿತು. ವರದಿಗಾರ್ತಿ ಕೆಟ್ಟವಳಲ್ಲ. ಮುದುಕನ ಮಾತಿನಲ್ಲಿ ಸುದ್ದಿ ಇಲ್ಲ ಅಂದುಕೊಂಡಳು, ಅಷ್ಟೇ. ಬೇಕೆಂದು ಯಾರೂ ದ್ರೋಹ ಮಾಡದೆ ಅನ್ಯಾಯ ನಡೆಯುವ ಇಂಥ ಜಾಗ ಸಿಕ್ಕರೆ ಬಿಡಬೇಡಿ. ಇನ್ನೊಂದು ಸಂಗತಿ: ಪೆಟ್ಟಿಗೆ ಸಿಕ್ಕಿದ್ದನ್ನು ಪೊಲೀಸರು ತನಿಖೆ ಮುಗಿಯುವವರೆಗೆ ಹೊರಗೆ ಹೇಳುವುದಿಲ್ಲ. ಇದು ಒಳಸಂಚೇನಲ್ಲ, ಇಲಾಖೆಗಳು ನಡೆಯುವುದೇ ಹಾಗೆ. ಆದರೆ ಆ ಮೌನ ನಿಮಗೆ ಇಡೀ ಒಂದು ಸಂಚಿಕೆಯನ್ನು ದೊರಕಿಸಿಕೊಡುತ್ತದೆ.

ಎಲ್ಲಿ ಕೆಡುತ್ತದೆ

ಮಂತ್ರ ಹಾಕಿದ ಗುಂಪು ಮೊದಲ ಅಪಾಯ. ಖಳನೊಬ್ಬ ಮಾತಿನ ಮಾಯೆಯಿಂದ ಊರನ್ನೇ ಹೀರೊಗಳ ವಿರುದ್ಧ ಎತ್ತಿಕಟ್ಟುವ ಕಥೆ 1986ರ 'ಲೆಜೆಂಡ್ಸ್'ನಲ್ಲಿದೆ. ಜಿ. ಗಾರ್ಡನ್ ಗಾಡ್‌ಫ್ರೆ ಎಂಬ ಟಿವಿ ಮಾತುಗಾರನ ವೇಷದಲ್ಲಿ ಬಂದವನು ಡಾರ್ಕ್‌ಸೈಡ್ ಎಂಬ ಮಹಾಖಳನ ಬಂಟ. ಕಥೆ ಓಡುತ್ತದೆ, ಆದರೆ ಮಾಯೆ ಹರಿದ ಮೇಲೆ ಜನರ ಮೇಲೆ ಹೊಣೆಯೇ ಉಳಿಯುವುದಿಲ್ಲ. ಖಳ ಬೆಂಕಿ ಹಚ್ಚಲಿ ಬೇಕಾದರೆ, ಒಣಹುಲ್ಲು ಊರಿನದೇ ಆಗಿರಬೇಕು.

ಗುಮಾನಿ ಪಡುವವರೆಲ್ಲ ಪೆದ್ದರಾಗಿರುವುದು ಇನ್ನೊಂದು. ಪರೀಕ್ಷೆ ಸುಲಭ: ವಿರೋಧಿಯ ಮುಖ್ಯ ಮಾತಿಗೆ ಹೀರೊ ಅದೇ ಚೌಕಟ್ಟಿನಲ್ಲಿ ಉತ್ತರ ಕೊಡಬಲ್ಲನೇ? ಕೊಡಬಲ್ಲನಾದರೆ ಆ ಮಾತು ಸಪ್ಪೆ, ತಿದ್ದಿ ಬರೆಯಿರಿ. "ಇವತ್ತು ನೀನು ಒಳ್ಳೆಯವನು. ನಾಳೆ ನಿನ್ನ ತಲೆ ಕೆಟ್ಟರೆ ನಿನ್ನನ್ನು ಹಿಡಿಯುವವರು ಯಾರು?" ಇದಕ್ಕೆ ಒಂದು ಗುಳ್ಳೆಯಲ್ಲಿ ಉತ್ತರ ಇಲ್ಲ.

ಗುಮಾನಿಗೆ ಬೆಲೆ ತೆರದ ಹೀರೊ ಕೂಡ ಸಮಸ್ಯೆಯೇ. ಜನ ಬೈದರು, ಅವನು ಮಾಡಿನ ಮೇಲೆ ಮಳೆಯಲ್ಲಿ ತಲೆತಗ್ಗಿಸಿ ಕೂತ. ಚಿತ್ರ ಚೆನ್ನಾಗಿರುತ್ತದೆ, ಕಥೆ ಒಂದಂಗುಲವೂ ಮುಂದೆ ಹೋಗುವುದಿಲ್ಲ. ಅಪನಂಬಿಕೆಯಿಂದ ಅವನ ಕೆಲಸ ಕೆಡಬೇಕು. ಮುಂದಿನ ಸಲ "ಓಡಿ!" ಎಂದಾಗ ಯಾರೂ ಓಡಬಾರದು. ಬೆಂಕಿ ಬಿದ್ದ ಮನೆಯ ತಾಯಿ ಕಿಟಕಿಯಲ್ಲಿ ಮಗುವನ್ನು ಅವನ ಕೈಗೆ ಕೊಡಲು ಒಂದು ಕ್ಷಣ ಹಿಂಜರಿಯಬೇಕು. ಆ ಒಂದು ಕ್ಷಣಕ್ಕೆ ಅರ್ಧ ಪುಟ ಕೊಟ್ಟರೂ ತಪ್ಪಿಲ್ಲ.

ಇನ್ನು ಜೈಕಾರ. ಕೊನೆಯ ಪುಟದಲ್ಲಿ ಹೀರೊ ಊರನ್ನು ಉಳಿಸಿದ, ಎಲ್ಲರ ಮನಸ್ಸೂ ಒಟ್ಟಿಗೆ ಬದಲಾಯಿತು ಎಂದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ನಂಬಿಕೆ ಮರಳುವುದು ಒಬ್ಬೊಬ್ಬರಲ್ಲಿ, ಅದೂ ಪೂರ್ತಿಯಾಗಿ ಅಲ್ಲ. ಎರಡು ಕಾಲಂನ ಹಾಳೆಯನ್ನು ಮತ್ತೆ ತೆಗೆಯಿರಿ. ಬಲಗಡೆ ಹೆಸರಿದ್ದವರಲ್ಲಿ ಯಾರಿಗೆ ಹೊಸ ಮಾಹಿತಿ ತಲುಪಿತು? ತಲುಪಿದವರು ಮಾತ್ರ ಬದಲಾಗಲಿ, ಉಳಿದವರು ಮೊದಲಿನಂತೆಯೇ ಬೈಯುತ್ತಿರಲಿ. ಹಿಂದಿನ ಕಾರಿನ ದಂಪತಿ ಬಹುಶಃ ಆ ತಲೆಬರಹವನ್ನೇ ಸಾಯುವವರೆಗೆ ಹೇಳುತ್ತಿರುತ್ತಾರೆ.

ನಮ್ಮ ಲಾರಿ ಕಥೆಯಲ್ಲಿ ತನಿಖೆ ಮುಗಿದು ಬಾಂಬ್ ವಿಷಯ ಹೊರಬಿದ್ದ ದಿನ ವರದಿಗಾರ್ತಿ ಚಾಲಕನ ಮನೆಗೆ ಹೋಗಬೇಕು. ಪ್ಲಾಸ್ಟರ್ ತೆಗೆದಿದೆ, ಮೊಣಕೈ ಇನ್ನೂ ನೆಟ್ಟಗಾಗುವುದಿಲ್ಲ. ಕ್ಯಾಮೆರಾ ಅವನ ಮುಖದ ಮೇಲೆ. "ಅವನು ನಿಮ್ಮ ಪ್ರಾಣ ಉಳಿಸಿದ್ದಂತೆ. ಈಗ ಏನನ್ನಿಸುತ್ತದೆ?" ಮುಂದಿನ ಚೌಕಟ್ಟಿನಲ್ಲಿ ಮಾತಿಲ್ಲ, ಅವನು ತನ್ನ ಕೈ ನೋಡಿಕೊಳ್ಳುತ್ತಾನೆ. ಕೊನೆಯ ಚೌಕಟ್ಟು, ಸಣ್ಣ ಗುಳ್ಳೆ: "ಉಳಿಸಿದ. ಆದರೆ ಒಂದು ಮಾತು ಹೇಳಿ ಎಳೆಯಬಹುದಿತ್ತು."